ಅನ್ನವಿಟ್ಟು ಓದಿಸಿದ ಊರು ಟ್ಯೂಬಿಂಗೆನ್

ಕನ್ನಡ ಅಧ್ಯಾಪಕರಿಗೆ ಕಿಟೆಲ್ ನಿಘಂಟು ಎಷ್ಟು ಪರಿಚಿತವೋ ಭೌತಶಾಸ್ತ್ರದ ಅಧ್ಯಾಪಕರಿಗೆ ಕೆಪ್ಲರನ ನಿಯಮಗಳು ಅಷ್ಟೇ ಪರಿಚಿತ. ಈ ಎರಡಕ್ಕೂ ನಂಟುಳ್ಳ ಊರೊಂದು ದಕ್ಷಿಣ ಜರ್ಮನಿಯಲ್ಲಿದೆ. ನೆಕ್ಕರ್ ನದಿಯ ದಂಡೆಯ ಆ ಊರಿನ ಹೆಸರು ಟ್ಯೂಬಿಂಗೆನ್. ಇಂದು ಅಲ್ಲಿರುವವರು ಸುಮಾರು 90 ಸಾವಿರ ಜನ. ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೇ 25 ಸಾವಿರಕ್ಕೂ ಹೆಚ್ಚು.

ವಿಶ್ವವಿದ್ಯಾಲಯವನ್ನು 1477ರಲ್ಲಿ ಸ್ಥಾಪಿಸಿದವನು ಆ ಸೀಮೆಯ ಒಡೆಯ ಎಬರ್‌ಹಾರ್ಡ್. ಆದರೆ ಊರಿನ ಸ್ವಭಾವವನ್ನು ರೂಪಿಸಿದ್ದು 1536ರಲ್ಲಿ ಆರಂಭವಾದ 'ಸ್ಟಿಫ್ಟ್' ಎಂಬ ವಿದ್ಯಾರ್ಥಿ ನಿಲಯವೆಂದು ನನ್ನ ಅಭಿಪ್ರಾಯ. ಪ್ರಾಟೆಸ್ಟಂಟ್ ಪಾದ್ರಿಗಳಾಗಲಿದ್ದ ಜಾಣ ಹುಡುಗರಿಗೆ ಅಲ್ಲಿ ಊಟ, ವಸತಿ, ಪಾಠ ಎಲ್ಲವೂ ಸರಕಾರದ ಖರ್ಚಿನಲ್ಲಿ. ಸುರೇಬಾನದಂಥ ಊರುಗಳಿಂದ ಧಾರವಾಡಕ್ಕೆ ಬಂದ ನಮ್ಮ ಪೀಳಿಗೆಯವರಿಗೆ ಇದರ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಾವ ವಿಷಯ ಓದಬೇಕೆಂಬ ಪ್ರಶ್ನೆಗಿಂತ ಮೊದಲು ಊಟಕ್ಕೆ ಎಲ್ಲಿ ಎಂಬ ಪ್ರಶ್ನೆ ಬರುತ್ತಿತ್ತು. ಮುರುಘಾಮಠದ ಪ್ರಸಾದ ನಿಲಯ ಇಲ್ಲದಿದ್ದರೆ ಎಷ್ಟು ಜನ ಹಳ್ಳಿಗೆ ಮರಳುತ್ತಿದ್ದರೋ!

ಬಾಡಿಗೆ ಸೈನಿಕನ ಮಗ ಯೋಹಾನೆಸ್ ಕೆಪ್ಲರ್ 1589ರಲ್ಲಿ ಈ ನಿಲಯಕ್ಕೆ ಬಂದ. ಅವನಿಗೆ ಗಣಿತ, ಖಗೋಳ ಕಲಿಸಿದವನು ಮೈಕೆಲ್ ಮೆಸ್ಟ್ಲಿನ್. ತರಗತಿಯಲ್ಲಿ ಮೆಸ್ಟ್ಲಿನ್ ಹೇಳುತ್ತಿದ್ದುದು ಭೂಮಿಯೇ ಕೇಂದ್ರವೆನ್ನುವ ಟಾಲೆಮಿಯ ಪಾಠ. ಆಯ್ದ ಕೆಲವು ಶಿಷ್ಯರಿಗೆ ಮಾತ್ರ ಕೊಪರ್ನಿಕಸನ ಸೂರ್ಯಕೇಂದ್ರ ವಾದವನ್ನು ವಿವರಿಸುತ್ತಿದ್ದ. ಪಠ್ಯಕ್ರಮವನ್ನು ಮೀರಿದ ಆ ಪಾಠವೇ ಕೆಪ್ಲರನ ಬದುಕನ್ನು ತಿರುಗಿಸಿತು. ಪಾದ್ರಿಯಾಗಬೇಕಿದ್ದವನು 1594ರಲ್ಲಿ ಗಣಿತ ಕಲಿಸಲು ಗ್ರಾಟ್ಸ್‌ಗೆ ಹೋದ. ಅವನ ಮೊದಲ ಖಗೋಳ ಗ್ರಂಥ 1596ರಲ್ಲಿ ಟ್ಯೂಬಿಂಗೆನ್ನಿನಲ್ಲೇ ಅಚ್ಚಾದಾಗ ಮುದ್ರಣದ ಮೇಲ್ವಿಚಾರಣೆ ನೋಡಿಕೊಂಡವನು ಅದೇ ಗುರು.

ಕನ್ನಡಕ್ಕೂ ಇಲ್ಲಿಂದಲೇ ಒಬ್ಬ ಬಂದ. ಟ್ಯೂಬಿಂಗೆನ್ನಿನಲ್ಲಿ ದೈವಶಾಸ್ತ್ರ ಓದಿದ ಹರ್ಮನ್ ಮೊಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆಯನ್ನು ಹೊರತಂದ. ಹಳೆಯ ಕನ್ನಡ ಕೃತಿಗಳನ್ನು ಸಂಗ್ರಹಿಸಿ ಮುದ್ರಿಸಿದ. 1858ರಲ್ಲಿ ವಿಶ್ವವಿದ್ಯಾಲಯ ಅವನಿಗೆ ಗೌರವ ಡಾಕ್ಟರೇಟ್ ನೀಡಿತು. ಕಿಟೆಲ್ ಓದಿದ್ದು ಟ್ಯೂಬಿಂಗೆನ್ನಿನಲ್ಲಲ್ಲ, ಬಾಸೆಲ್‌ನಲ್ಲಿ. ಆದರೂ 1894ರಲ್ಲಿ ನಿಘಂಟು ಪ್ರಕಟವಾದ ಮೇಲೆ, 1896ರಲ್ಲಿ, ಇದೇ ವಿಶ್ವವಿದ್ಯಾಲಯ ಅವನನ್ನೂ ಗೌರವಿಸಿತು. 1903ರಲ್ಲಿ ಅವನು ತೀರಿಕೊಂಡದ್ದೂ ಈ ಊರಿನಲ್ಲೇ.

ಭಾಷೆ ಬೇರೆ, ವಿಜ್ಞಾನ ಬೇರೆ ಎಂಬ ಗೋಡೆ ಅಲ್ಲಿ ಅಷ್ಟು ಗಟ್ಟಿಯಾಗಿರಲಿಲ್ಲ. ಲೆಕ್ಕ ಮಾಡುವ ಯಂತ್ರವನ್ನು 1623ರಲ್ಲಿ ರೂಪಿಸಿ ಕೆಪ್ಲರನಿಗೆ ಪತ್ರ ಬರೆದ ವಿಲ್ಹೆಲ್ಮ್ ಶಿಕಾರ್ಡ್ ಅಲ್ಲಿ ಹೀಬ್ರೂ ಭಾಷೆಯ ಪ್ರಾಧ್ಯಾಪಕ!

ಪ್ರಯೋಗಾಲಯಗಳೂ ಅಂಥ ವೈಭವದವಲ್ಲ. ಊರ ಮೇಲಿನ ಕೋಟೆಯ ಹಳೆಯ ಅಡುಗೆಮನೆಯಲ್ಲಿ ಫ್ರೀಡ್ರಿಕ್ ಮೀಷರ್ ಎಂಬ ತರುಣ, ಆಸ್ಪತ್ರೆಯ ಗಾಯದ ಪಟ್ಟಿಗಳಿಂದ ಕೀವನ್ನು ತೊಳೆದು ತೆಗೆದು ಬಿಳಿ ರಕ್ತಕಣಗಳನ್ನು ಬೇರ್ಪಡಿಸಿದ. ಅವುಗಳ ಕೋಶಕೇಂದ್ರದಲ್ಲಿ ರಂಜಕವಿರುವ ಹೊಸ ವಸ್ತುವೊಂದು 1869ರಲ್ಲಿ ಸಿಕ್ಕಿತು. ಅವನು 'ನ್ಯೂಕ್ಲಿನ್' ಎಂದ ಅದನ್ನೇ ನಾವು ಇಂದು ಡಿಎನ್‌ಎ ಎನ್ನುತ್ತೇವೆ. ಮೀಷರನ ಗುರು ಹೊಪ್ಪೆ-ಸೈಲರ್ ನಂಬಲಿಲ್ಲ. ತಾನೇ ಪ್ರಯೋಗ ಮಾಡಿ ನೋಡಿ, 1871ರಲ್ಲಿ ಪ್ರಕಟಣೆಗೆ ಒಪ್ಪಿದ. ಸಂಶೋಧನಾ ವಿದ್ಯಾರ್ಥಿಗಳಿಗೆ ನಾನು ಈ ಕಥೆಯನ್ನು ಮತ್ತೆ ಮತ್ತೆ ಹೇಳುತ್ತೇನೆ.

ಹಾಗೆಂದು ಈ ಊರನ್ನು ಬರೀ ಹೊಗಳುವಂತಿಲ್ಲ. ವಿಶ್ವವಿದ್ಯಾಲಯ ಹುಟ್ಟಿದ ವರ್ಷವೇ ಎಬರ್‌ಹಾರ್ಡ್ ಯಹೂದಿಗಳನ್ನು ಊರಿನಿಂದ ಹೊರಹಾಕಿದ. ಲೂಥರನ ಪಂಥದ ವಿಧಿಗೆ ಪೂರ್ತಿ ಒಪ್ಪಿಗೆ ಕೊಡದ ಕೆಪ್ಲರ್ ಮುಂದೆ ಹುದ್ದೆ ಬಯಸಿ ತಿರುಗಿ ನೋಡಿದಾಗ, ಅನ್ನವಿಟ್ಟ ಊರೇ ಬಾಗಿಲು ಮುಚ್ಚಿತು. ಹೆಣ್ಣುಮಕ್ಕಳಿಗಂತೂ ನಾಲ್ಕು ಶತಮಾನ ಪ್ರವೇಶವೇ ಇರಲಿಲ್ಲ. 1892ರಲ್ಲಿ ವಿಶೇಷ ಅನುಮತಿ ಪಡೆದು ಬಂದ ಮರಿಯಾ ಫಾನ್ ಲಿಂಡೆನ್ ವಿಜ್ಞಾನ ಓದಿ, ಕಿಟೆಲ್‌ಗಿಂತ ಒಂದು ವರ್ಷ ಮೊದಲು, 1895ರಲ್ಲಿ ಡಾಕ್ಟರೇಟ್ ಪಡೆದಳು. ಉಳಿದ ಹೆಣ್ಣುಮಕ್ಕಳು ಅನುಮತಿ ಬೇಡದೆ ಹೆಸರು ನೋಂದಾಯಿಸಲು 1904ರವರೆಗೆ ಕಾಯಬೇಕಾಯಿತು.