ಮೋರಿಯ ಬಾಯಲ್ಲಿ ಸಿಕ್ಕ ಮದ್ದು

1945ರಲ್ಲಿ ಇಟಲಿಯ ಸಾರ್ಡೀನಿಯಾ ದ್ವೀಪದ ಕಾಲ್ಯಾರಿ ನಗರದ ಕೊಳಚೆ ಸು ಸಿಕ್ಕು ಎಂಬಲ್ಲಿ ನೇರವಾಗಿ ಕಡಲಿಗೆ ಬೀಳುತ್ತಿತ್ತು. ಅದೇ ನೀರಿನಲ್ಲಿ ಊರಿನ ಹುಡುಗರು ಈಜಾಡುತ್ತಿದ್ದರು. ಅಷ್ಟು ಹೊಲಸಿಗೆ ತಕ್ಕಷ್ಟು ಟೈಫಾಯ್ಡ್ ಊರಲ್ಲಿ ಏಕಿಲ್ಲ ಎಂಬ ಪ್ರಶ್ನೆ ಅಲ್ಲಿನ ವಿಶ್ವವಿದ್ಯಾಲಯದ ನೈರ್ಮಲ್ಯಶಾಸ್ತ್ರದ ಪ್ರಾಧ್ಯಾಪಕ ಜುಸೆಪ್ಪೆ ಬ್ರೋಟ್ಸು ಅವರನ್ನು ಕಾಡಿತು. ಮೋರಿಯ ಬಾಯಿಂದ ನೀರು ತಂದು ಪರೀಕ್ಷಿಸಿದಾಗ ಅದರಲ್ಲಿ ಸೆಫಲೋಸ್ಪೋರಿಯಂ ಎಂಬ ಕುಲದ ಬೂಷ್ಟು ಸಿಕ್ಕಿತು. ಅದರ ರಸ ಟೈಫಾಯ್ಡ್ ರೋಗಾಣುವನ್ನೂ ತಡೆಯುತ್ತಿತ್ತು. ಇಡೀ ಕಡಲಿನ ನೀರಿನಲ್ಲಿ ಕರಗಿಹೋದ ಅಷ್ಟಿಷ್ಟು ರಸವೇ ಊರನ್ನು ಕಾಪಾಡಿತ್ತು ಎಂದು ನಂಬುವುದು ಕಷ್ಟ. ದಾರಿ ತಪ್ಪಿದರೂ ಬ್ರೋಟ್ಸು ತಲುಪಿದ್ದು ಸರಿಯಾದ ಮನೆಗೇ. ಇಂದು ಚೀಟಿಯಲ್ಲಿ ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್ ಎಂದು ಬರೆದುಕೊಡುವ ಔಷಧಗಳೆಲ್ಲ ಆ ಬೂಷ್ಟಿನ ವಂಶದ ಸೆಫಲೋಸ್ಪೊರಿನ್‌ಗಳು. ಇವನ್ನು ಕೊಡುವ ಮುನ್ನ ವೈದ್ಯರು ಕೇಳುವ ಪ್ರಶ್ನೆಗಳೂ ಹಾಕುವ ಕಟ್ಟುಪಾಡುಗಳೂ ಬರೀ ಶಾಸ್ತ್ರಕ್ಕಲ್ಲ. ಅವು ಈ ವಂಶದ ಚರಿತ್ರೆಯಿಂದಲೇ ಹುಟ್ಟಿದವು. ಚರಿತ್ರೆ ಗೊತ್ತಿಲ್ಲದಿದ್ದರೆ ಯಾವ ಕಟ್ಟುಪಾಡು ಎಷ್ಟು ಬಿಗಿ ಎಂಬುದೂ ತಿಳಿಯದು.

ಬ್ರೋಟ್ಸು 1948ರಲ್ಲಿ ತನ್ನ ಫಲಿತಾಂಶವನ್ನು ಊರಾಚೆ ಯಾರೂ ಓದದಂಥ ಒಂದು ಸ್ಥಳೀಯ ಪ್ರಕಟಣೆಯಲ್ಲಿ ಅಚ್ಚು ಹಾಕಿಸಿದರು. ಪರಿಚಯದ ಬ್ರಿಟಿಷ್ ವೈದ್ಯಾಧಿಕಾರಿಯೊಬ್ಬರ ನೆರವಿನಿಂದ ಆ ಬೂಷ್ಟು ಆಕ್ಸ್‌ಫರ್ಡಿನ ಹೊವರ್ಡ್ ಫ್ಲೋರಿಯವರ ಪ್ರಯೋಗಾಲಯ ಸೇರಿತು. ಅಲ್ಲಿ ಎಡ್ವರ್ಡ್ ಏಬ್ರಹಾಂ ಮತ್ತು ಗೈ ನ್ಯೂಟನ್ ಅದನ್ನು ಬಿಡಿಸಿ ನೋಡಿದಾಗ ಒಂದೇ ರಸದಲ್ಲಿ ಹಲವು ಮದ್ದುಗಳಿದ್ದವು. ಬ್ರೋಟ್ಸು ಕಂಡ ಗುಣ ಬಹುಪಾಲು ‘ಸೆಫಲೋಸ್ಪೊರಿನ್ ಎನ್’ ಎಂಬುದರದು. ಅದು ಕೊನೆಗೆ ಪೆನಿಸಿಲಿನ್‌ನ ಒಂದು ಬಗೆಯೇ ಎಂದು ತಿಳಿಯಿತು! ಜಗತ್ತನ್ನು ಬದಲಿಸಿದ ‘ಸೆಫಲೋಸ್ಪೊರಿನ್ ಸಿ’ ಕಣ್ಣಿಗೆ ಬಿದ್ದದ್ದು 1953ರಲ್ಲಿ. ಅದರ ಕಸುವು ಕಡಿಮೆ. ಆದರೆ ಪೆನಿಸಿಲಿನ್ನನ್ನು ಕತ್ತರಿಸಿಹಾಕುವ ಬ್ಯಾಕ್ಟೀರಿಯಾಗಳ ಕಿಣ್ವಕ್ಕೆ ಅದು ಬಗ್ಗುತ್ತಿರಲಿಲ್ಲ. ಆಸ್ಪತ್ರೆಗಳಲ್ಲಿ ಪೆನಿಸಿಲಿನ್‌ಗೆ ಮಣಿಯದ ಸ್ಟಾಫಿಲೊಕಾಕಸ್ ಹಬ್ಬುತ್ತಿದ್ದ ಕಾಲವದು. ಆ ಅಣುವಿನ ತಿರುಳನ್ನು ಬಿಡಿಸಿ ಹೊಸ ರೆಂಬೆ ಕಸಿ ಮಾಡುವ ವಿದ್ಯೆಯನ್ನು ಅಮೆರಿಕದ ಎಲಿ ಲಿಲಿ ಕಂಪನಿ ಸಾಧಿಸಿದ ಮೇಲೆ, 1964ರಲ್ಲಿ ಸೆಫಲೋಥಿನ್ ಚಿಕಿತ್ಸೆಗೆ ಬಂತು. ಅದೇ ಕಾಲದ ಸೆಫಲೋರಿಡಿನ್ ಹೆಚ್ಚಿನ ಡೋಸಿನಲ್ಲಿ ಮೂತ್ರಪಿಂಡ ಕೆಡಿಸಿ ಬಳಕೆಯಿಂದ ಮರೆಯಾಯಿತು. ನಂತರದವು ಅದಕ್ಕಿಂತ ಬಹಳ ಸೌಮ್ಯ. ಆದರೂ ಈ ಗುಂಪಿನ ಬಹುತೇಕ ಔಷಧಗಳು ಮೂತ್ರಪಿಂಡದ ಮೂಲಕವೇ ಹೊರಬೀಳುವುದರಿಂದ, ಕಿಡ್ನಿ ದುರ್ಬಲವಿದ್ದವರಿಗೆ ಡೋಸ್ ಇಳಿಸುವ ಪದ್ಧತಿ ಇಂದಿಗೂ ಇದೆ.

‘ಪೆನಿಸಿಲಿನ್ ಅಲರ್ಜಿ ಇದೆಯೇ?’ ಎಂಬ ಪ್ರಶ್ನೆಯ ಕಥೆ ಇನ್ನೂ ಸ್ವಾರಸ್ಯವಾದದ್ದು. ಪೆನಿಸಿಲಿನ್ ಒಗ್ಗದ ನೂರರಲ್ಲಿ ಹತ್ತು ಮಂದಿಗೆ ಸೆಫಲೋಸ್ಪೊರಿನ್ ಕೂಡ ಒಗ್ಗದು ಎಂಬ ಲೆಕ್ಕ ದಶಕಗಳ ಕಾಲ ಪಠ್ಯಪುಸ್ತಕಗಳಲ್ಲಿತ್ತು. ಆ ಬೂಷ್ಟು ಎರಡನ್ನೂ ಹೆರುತ್ತದೆ ಎಂಬುದನ್ನು ನೆನೆದರೆ ಲೆಕ್ಕದ ದೋಷ ಹೊಳೆಯುತ್ತದೆ: ಆರಂಭದ ತಯಾರಿಕೆಗಳಲ್ಲಿ ಪೆನಿಸಿಲಿನ್‌ನ ಅಂಶ ಒಂದಿಷ್ಟು ಬೆರೆತಿರುತ್ತಿತ್ತು. ಶುದ್ಧೀಕರಣ ಸುಧಾರಿಸಿದಂತೆ ಅಂದಾಜು ನೂರಕ್ಕೆ ಎರಡರ ಆಸುಪಾಸಿಗೆ ಇಳಿಯಿತು. ಅಪಾಯ ನಿರ್ಧಾರವಾಗುವುದು ಹೆಚ್ಚಾಗಿ ಕಸಿಮಾಡಿದ ಆ ರೆಂಬೆಯಿಂದ. ಆಂಪಿಸಿಲಿನ್‌ಗೂ ಸೆಫಲೆಕ್ಸಿನ್‌ಗೂ ರೆಂಬೆ ಒಂದೇ, ಸೆಫಜೋಲಿನ್‌ನದು ಬೇರೆಯೇ. ಹಾಗಾದರೆ ಆ ಪ್ರಶ್ನೆಯನ್ನೇ ಕೈಬಿಡಬಹುದಲ್ಲ ಎನ್ನಬಹುದು. ಬಿಡಲಾಗದು. ಪೆನಿಸಿಲಿನ್‌ನಿಂದ ಹಿಂದೆ ಉಸಿರು ಕಟ್ಟಿದ್ದವರು, ಮುಖ ಊದಿಕೊಂಡಿದ್ದವರು ಅದನ್ನು ಹೇಳಲೇಬೇಕು. ಯಾವ ರೆಂಬೆಯ ಔಷಧ ಎಂದು ವೈದ್ಯರು ಆರಿಸುವುದು ಆ ಉತ್ತರದ ಮೇಲೆಯೇ.

ಇನ್ನು ಉಳಿಕೆ ಮಾತ್ರೆ, ಚೀಟಿಯಿಲ್ಲದ ಖರೀದಿಯ ಮಾತು. ಕಿಣ್ವಕ್ಕೆ ಬಗ್ಗದ ಔಷಧ ಎಂಬ ಹೆಮ್ಮೆಗೆ ಬ್ಯಾಕ್ಟೀರಿಯಾಗಳು ಬೇಗನೆ ಉತ್ತರ ಕೊಟ್ಟವು. ಸೆಫ್ಟ್ರಿಯಾಕ್ಸೋನ್‌ನಂಥ ಮೂರನೆಯ ತಲೆಮಾರಿನ ಸೆಫಲೋಸ್ಪೊರಿನ್‌ಗಳನ್ನೂ ಕತ್ತರಿಸುವ ಕಿಣ್ವ 1983ರಲ್ಲಿ ಜರ್ಮನಿಯಲ್ಲಿ ವರದಿಯಾಯಿತು. ಇಂದು ಲೋಕವಿಡೀ ಹರಡಿರುವ ಸಿಟಿಎಕ್ಸ್-ಎಂ-15 ಎಂಬ ಕಿಣ್ವವನ್ನು ಮೊದಲು ಗುರುತಿಸಿದ್ದು ದೆಹಲಿಯ ರೋಗಿಗಳಿಂದ 1999ರಲ್ಲಿ ಸಂಗ್ರಹಿಸಿದ್ದ ಬ್ಯಾಕ್ಟೀರಿಯಾಗಳಲ್ಲಿ. ಭಾರತ ಸರ್ಕಾರ 2013ರಲ್ಲಿ ‘ಶೆಡ್ಯೂಲ್ ಎಚ್1’ ತಂದು ಮೂರನೆಯ ತಲೆಮಾರಿನ ಹಲವು ಔಷಧಗಳನ್ನು ಅದರಲ್ಲಿ ಸೇರಿಸಿತು: ಚೀಟಿ ಕಡ್ಡಾಯ, ಅಂಗಡಿಯವರು ರೋಗಿಯ ಹಾಗೂ ವೈದ್ಯರ ವಿವರವನ್ನು ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ವೈದ್ಯರೇ ಇಲ್ಲದ ಹಳ್ಳಿಯಲ್ಲಿ ಮೆಡಿಕಲ್ ಶಾಪಿನವನ ಮಾತ್ರೆಯೇ ಜೀವ ಉಳಿಸಬಹುದು ಎಂಬ ಆಕ್ಷೇಪಣೆ ಹಗುರವಾದದ್ದಲ್ಲ. ಆದರೆ ಆ ಮಾತ್ರೆ ಬಹಳಷ್ಟು ಸಲ ಹೋಗುವುದು ನೆಗಡಿಗೆ, ವೈರಲ್ ಜ್ವರಕ್ಕೆ. ಅಲ್ಲಿ ಅದು ರೋಗಕ್ಕೆ ತಾಕದೆ ಕರುಳಿನ ನಿರಪರಾಧಿ ಬ್ಯಾಕ್ಟೀರಿಯಾಗಳನ್ನು ಕೊಂದು ನಿರೋಧಿಗಳಿಗೆ ಜಾಗ ತೆರವು ಮಾಡುತ್ತದೆ, ಕೆಲವೊಮ್ಮೆ ಉಗ್ರ ಭೇದಿಯನ್ನೂ ತರುತ್ತದೆ. ‘ಕೋರ್ಸ್ ಮುಗಿಸಲೇಬೇಕು’ ಎಂಬ ಹಳೆಯ ಮಾತನ್ನೂ ಈಚೆಗೆ ಸಂಶೋಧಕರು ಪ್ರಶ್ನಿಸಿದ್ದಾರೆ. ಹಲವು ಸೋಂಕುಗಳಿಗೆ ಕಡಿಮೆ ದಿನಗಳೇ ಸಾಕು. ಹಾಗೆಂದು ಜ್ವರ ಇಳಿದ ಸಂಜೆಯೇ ರೋಗಿ ತಾನಾಗಿ ನಿಲ್ಲಿಸಬಹುದು ಎಂದಲ್ಲ. ಎಷ್ಟು ದಿನ ಎಂಬುದು ಸೋಂಕನ್ನು ನೋಡಿ ವೈದ್ಯರು ಕಟ್ಟುವ ಲೆಕ್ಕ.

ಇನ್ನೊಂದು ಆಕ್ಷೇಪಣೆಯನ್ನು ನಾನು ಪೂರ್ತಿ ಒಪ್ಪುತ್ತೇನೆ: ತಪ್ಪೆಲ್ಲ ಮಾತ್ರೆ ನುಂಗುವವನದಲ್ಲ, ಮೋರಿಯದೂ ಇದೆ. 2016ರ ನವೆಂಬರಿನಿಂದ ಪಾಕಿಸ್ತಾನದ ಸಿಂಧ್ ಪ್ರಾಂತದ ಹೈದರಾಬಾದಿನಲ್ಲಿ ಸೆಫ್ಟ್ರಿಯಾಕ್ಸೋನ್‌ಗೂ ಬಗ್ಗದ ಟೈಫಾಯ್ಡ್ ಹಬ್ಬಿತು. ಅಲ್ಲಿ ಟೈಫಾಯ್ಡ್ ರೋಗಾಣುವಿಗೆ ಆ ಶಕ್ತಿ ಕೊಟ್ಟದ್ದು ಸಿಟಿಎಕ್ಸ್-ಎಂ-15. ಹರಡಿದ್ದು ಕೊಳಚೆ ಬೆರೆತ ಕುಡಿಯುವ ನೀರಿನಿಂದ ಎಂಬುದೇ ಬಲವಾದ ಅನುಮಾನ. ಬಾಯಿಂದ ನುಂಗುವ ಔಷಧಗಳಲ್ಲಿ ನೆಚ್ಚಲು ಉಳಿದದ್ದು ಅಜಿತ್ರೊಮೈಸಿನ್ ಒಂದೇ. ಕಾಲ್ಯಾರಿಯ ಮೋರಿಯಲ್ಲಿ ಟೈಫಾಯ್ಡ್‌ಗೆಂದು ಹುಡುಕಿದ ಮದ್ದನ್ನು ಟೈಫಾಯ್ಡ್ ಇನ್ನೊಂದು ಮೋರಿಯಲ್ಲಿ ಸೋಲಿಸಿತು. 2019ರಲ್ಲಿ ಪಾಕಿಸ್ತಾನ ಹೊಸ ಟೈಫಾಯ್ಡ್ ಲಸಿಕೆಯನ್ನು ಮಕ್ಕಳ ಸಾಮಾನ್ಯ ಲಸಿಕೆಗಳ ಪಟ್ಟಿಗೆ ಸೇರಿಸಿತು, ಜಗತ್ತಿನಲ್ಲೇ ಮೊದಲ ದೇಶವಾಗಿ; ಆರಂಭಿಸಿದ್ದು ಸಿಂಧ್‌ನಿಂದಲೇ.