ಮೀನಾ ಸಲ್ಮಾನ್‌ನಿಂದ ಮಂಗಳೂರಿಗೆ ಎಷ್ಟು ದೂರ, ಎಷ್ಟು ಹೊತ್ತು?

ಮೀನಾ ಸಲ್ಮಾನ್ (ಬಹರೈನ್): ಮನೆಯಲ್ಲಿ ಸಾವಾಗಿದೆ ಎಂದು ಊರಿಂದ ಫೋನ್ ಬಂದಾಗ ಎಲ್ಲರೂ ಕೇಳುವುದು ಒಂದೇ: "ಎಷ್ಟೊತ್ತಿಗೆ ಮುಟ್ತೀಯ? ನಾವು ಕಾಯಬೇಕಾ?" ಆ ಗಡಿಬಿಡಿಯಲ್ಲಿ "ನಾಲ್ಕು ಗಂಟೆ ದಾರಿ, ಬಂದೆ" ಎಂದು ಹೇಳಿಬಿಡುವವರೇ ಹೆಚ್ಚು. ಆದರೆ ನಾಲ್ಕು ಗಂಟೆ ಎನ್ನುವುದು ವಿಮಾನದ ಲೆಕ್ಕ, ಮನೆ ಬಾಗಿಲಿನ ಲೆಕ್ಕ ಅಲ್ಲ.

ದೂರ

ಮೀನಾ ಸಲ್ಮಾನ್‌ನಿಂದ ಮುಹರಖ್‌ನಲ್ಲಿರುವ ಬಹರೈನ್ ವಿಮಾನ ನಿಲ್ದಾಣಕ್ಕೆ ರಸ್ತೆಯಲ್ಲಿ ಸುಮಾರು 10 ಕಿ.ಮೀ. ಅಲ್ಲಿಂದ ಮಂಗಳೂರಿನ ಬಜ್ಪೆಗೆ ನೇರ ಅಂತರ ಸುಮಾರು 2,930 ಕಿ.ಮೀ. ವಿಮಾನ ನಿಗದಿತ ಮಾರ್ಗದಲ್ಲೇ ಹಾರಬೇಕಾದ್ದರಿಂದ ಕ್ರಮಿಸುವ ದೂರ ಇದಕ್ಕಿಂತ ಸ್ವಲ್ಪ ಹೆಚ್ಚು. ಬೆಂಗಳೂರಿಗೆ ನೇರ ಅಂತರ ಸುಮಾರು 3,170 ಕಿ.ಮೀ., ಕಣ್ಣೂರಿಗೆ 3,060 ಕಿ.ಮೀ.

ಸಮಯ

ನೇರ ವಿಮಾನಕ್ಕೆ ಮಂಗಳೂರು ಸುಮಾರು 4 ಗಂಟೆ. ಬಹರೈನ್‌ಗೆ ವಾಪಸ್ ಬರುವಾಗ ಎದುರುಗಾಳಿ ಇದ್ದರೆ 15-20 ನಿಮಿಷ ಜಾಸ್ತಿ. ಬಹರೈನ್‌ಗಿಂತ ಭಾರತದ ಗಡಿಯಾರ ಎರಡೂವರೆ ಗಂಟೆ ಮುಂದಿದೆ.

ತಪ್ಪಾಗುವುದು ಇಲ್ಲೇ. 14ನೇ ತಾರೀಖು ರಾತ್ರಿ 9.30ಕ್ಕೆ ಹೊರಟ ವಿಮಾನ ಮಂಗಳೂರಲ್ಲಿ ಇಳಿಯುವುದು 15ನೇ ತಾರೀಖು ಬೆಳಗಿನ ಜಾವ 4ಕ್ಕೆ. ಟಿಕೆಟ್ ಮೇಲಿನ 14 ನೋಡಿ ಮನೆಯವರು ಕಾರು ತಂದರೆ ಒಂದು ದಿನ ಮೊದಲೇ ಬಂದು ಕಾಯಬೇಕಾಗುತ್ತದೆ. ಹಾಗಾಗಿ ಊರಿಗೆ ಹೇಳುವಾಗ ಇಳಿಯುವ ತಾರೀಖು, ಭಾರತದ ಸಮಯ ಎರಡನ್ನೂ ಹೇಳಿ.

ಕೋಣೆಯಿಂದ ಮನೆವರೆಗೆ

ಉಡುಪಿಯವರ ಲೆಕ್ಕ ನೋಡೋಣ. ವಿಮಾನ ರಾತ್ರಿ 9.30ಕ್ಕಾದರೆ ಸಂಜೆ 6ಕ್ಕೇ ಕೋಣೆ ಬಿಡಬೇಕು. ಬೆಳಗಿನ ಜಾವ 4ಕ್ಕೆ ಇಳಿದು, ಇಮಿಗ್ರೇಷನ್, ಲಗೇಜು ಮುಗಿಸಿ ಹೊರಬರುವಾಗ 5. ರಸ್ತೆಯಲ್ಲಿ ಒಂದೂವರೆ ಗಂಟೆ. ಮನೆ ಮುಟ್ಟುವಾಗ 6.30. ಒಟ್ಟು 10 ಗಂಟೆ. ಕುಂದಾಪುರ, ಬೈಂದೂರು ಕಡೆಯವರು ಇನ್ನೂ ಒಂದೆರಡು ಗಂಟೆ ಸೇರಿಸಿಕೊಳ್ಳಬೇಕು.

ಇದು ಆ ದಿನವೇ ನೇರ ವಿಮಾನ, ಅದರಲ್ಲಿ ಸೀಟು ಎರಡೂ ಸಿಕ್ಕಿದರೆ ಮಾತ್ರ. ನೇರ ವಿಮಾನ ದಿನಾ ಇರುತ್ತದೆ ಎಂದು ನಂಬಿ ಕೂರಬೇಡಿ, ವೇಳಾಪಟ್ಟಿ ಬದಲಾಗುತ್ತಿರುತ್ತದೆ. ಸಿಗದಿದ್ದರೆ ಬೆಂಗಳೂರು ಅಥವಾ ಕಣ್ಣೂರು ದಾರಿ ನೋಡಿ. ಕಣ್ಣೂರು ನಿಲ್ದಾಣದಿಂದ ಮಂಗಳೂರಿಗೆ ರಸ್ತೆಯಲ್ಲಿ ಸುಮಾರು 160 ಕಿ.ಮೀ. ಇದೆ. ಕಾಸರಗೋಡಿನವರಿಗೆ ಇನ್ನೂ ಹತ್ತಿರ.

ಮಳೆಗಾಲದಲ್ಲಿ ಮತ್ತೊಂದು ಎಚ್ಚರ. ಬಜ್ಪೆ ನಿಲ್ದಾಣ ಗುಡ್ಡದ ಮೇಲಿದೆ. ಜೋರು ಮಳೆ, ಮಂಜು ಕವಿದು ರನ್‌ವೇ ಕಾಣದಿದ್ದರೆ ವಿಮಾನವನ್ನು ಬೆಂಗಳೂರಿಗೋ ಕೇರಳದ ನಿಲ್ದಾಣಕ್ಕೋ ತಿರುಗಿಸುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಲವು ಗಂಟೆ ಕೈಯಲ್ಲಿಟ್ಟುಕೊಂಡೇ ಮಾತು ಕೊಡಿ.

ಮೊದಲು ನೋಡಬೇಕಾದ್ದು

ಪಾಸ್‌ಪೋರ್ಟ್ ನಿಮ್ಮ ಕೈಯಲ್ಲಿದೆಯೇ? ಕಂಪನಿ ಆಫೀಸಿನಲ್ಲಿದ್ದರೆ, ಶುಕ್ರವಾರ, ಶನಿವಾರ ಅದನ್ನು ತೆಗೆಸಿಕೊಳ್ಳುವುದರಲ್ಲೇ ವಿಮಾನ ತಪ್ಪಬಹುದು. ಬೀಗದ ಕೈ ಯಾರ ಹತ್ತಿರ ಇರುತ್ತದೆ, ರಜಾ ದಿನ ಯಾರಿಗೆ ಫೋನ್ ಮಾಡಬೇಕು ಎಂದು ಈಗಲೇ ತಿಳಿದುಕೊಂಡಿರಿ. ಪಾಸ್‌ಪೋರ್ಟ್, ವೀಸಾ ಅವಧಿಯನ್ನೂ ನೋಡಿಡಿ.

ಟಿಕೆಟ್ ಖಚಿತವಾಗುವ ಮೊದಲು ಊರಿಗೆ ಸಮಯ ಹೇಳಬೇಡಿ. ಖಚಿತವಾದ ಮೇಲೆ ಮನೆ ಬಾಗಿಲು ಮುಟ್ಟುವ ಹೊತ್ತನ್ನೇ ಹೇಳಿ. ಅಲ್ಲಿ ಶವ ಇಟ್ಟುಕೊಂಡು ಕಾಯುವವರು ತೀರ್ಮಾನ ಮಾಡುವುದು ಆ ಒಂದು ಮಾತಿನ ಮೇಲೆ.