ಮೂರನೆಯ ವರ್ಷದ ತಂಡ ಯಾರದು? ಕಾಲೇಜಿಗೆ ಬಂದ ವೃತ್ತಿಪರ ತರಬೇತುದಾರರ ಸೋಲನ್ನು ಕುರಿತು

2025ರ ಸೆಪ್ಟೆಂಬರ್ 1ರಂದು ಅಮೆರಿಕದ ಚಾಪೆಲ್ ಹಿಲ್‌ನಲ್ಲಿ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಟೆಕ್ಸಾಸ್ ಕ್ರಿಶ್ಚಿಯನ್ ತಂಡದೆದುರು 14–48ರಿಂದ ಸೋತಿತು. ಸೋತ ತಂಡದ ತರಬೇತುದಾರ ಬಿಲ್ ಬೆಲಿಚಿಕ್. ವೃತ್ತಿಪರ ಲೀಗಿನ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್‌ಗೆ 6 ಸೂಪರ್ ಬೌಲ್ ಪ್ರಶಸ್ತಿ ಗೆದ್ದುಕೊಟ್ಟಿದ್ದ ಇವರು ಕಾಲೇಜು ತಂಡವೊಂದರ ಹೊಣೆ ಹೊತ್ತದ್ದು ಅದೇ ಮೊದಲು. ಹಿಂದಿನ ವರ್ಷ 6 ಪಂದ್ಯ ಗೆದ್ದು 7 ಸೋತಿದ್ದ ತಂಡ ಇವರ ಕೈಯಲ್ಲಿ 4 ಗೆದ್ದು 8 ಸೋತಿತು. ಇಲ್ಲಿ ಫುಟ್‌ಬಾಲ್ ಎಂದರೆ ಅಮೆರಿಕನ್ ಫುಟ್‌ಬಾಲ್. ಹಿಡಿತ, ತಳ್ಳಾಟಗಳನ್ನು ನೋಡಿದರೆ ಅದು ಸಾಕರ್‌ಗಿಂತ ನಮ್ಮ ಕಬಡ್ಡಿಗೇ ಹತ್ತಿರ.

ಇಂಥ ಸೋಲುಗಳಿಗೆ ಕ್ರೀಡಾ ಬರಹಗಾರರು ಕೊಡುವ ಕಾರಣ ಸರಿಸುಮಾರು ಒಂದೇ. ಸಂಬಳದ ಆಟಗಾರರನ್ನು ಆಳಿದವರಿಗೆ ಹದಿಹರೆಯದವರನ್ನು ಪಳಗಿಸಲು ಬಾರದು. ಮನೆಮನೆಗೆ ಹೋಗಿ ಹುಡುಗರ ತಂದೆ-ತಾಯಿಯನ್ನು ಒಪ್ಪಿಸುವ ತಾಳ್ಮೆ ಇರದು. ಒಟ್ಟಿನಲ್ಲಿ ಕಾಲೇಜಿನ ಅನುಭವ ಸಾಲದು. ಆಟಗಾರರನ್ನು ಸೇರಿಸಿಕೊಳ್ಳುವುದೇ ಕಾಲೇಜು ಆಟದ ಬೇರು ಎಂಬಷ್ಟರಲ್ಲಿ ಯಾರದೂ ತಕರಾರಿಲ್ಲ, ನನ್ನದೂ ಇಲ್ಲ. ತಕರಾರಿರುವುದು ಅನುಭವದ ಮಾತಿನಲ್ಲಿ, ಅದಕ್ಕಿಂತ ಹೆಚ್ಚಾಗಿ ಮೊದಲ ವರ್ಷದ ಅಂಕಿಗಳನ್ನೇ ಸಾಕ್ಷಿಯಾಗಿ ಮುಂದಿಡುವ ರೂಢಿಯಲ್ಲಿ.

ಅನುಭವದ ವಾದ ಎರಡು ಹೆಸರುಗಳ ಮುಂದೆ ನಿಲ್ಲುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ತಂಡಕ್ಕೆ 3 ಸೂಪರ್ ಬೌಲ್ ತಂದುಕೊಟ್ಟ ಬಿಲ್ ವಾಲ್ಶ್ 1992ರಲ್ಲಿ ಸ್ಟ್ಯಾನ್‌ಫರ್ಡ್‌ಗೆ ಬಂದಾಗ ಅವರಿಗೆ ಅದು ಹೊಸ ಜಾಗವಾಗಿರಲಿಲ್ಲ. 1977–78ರಲ್ಲಿ ಅಲ್ಲಿಯೇ ಮುಖ್ಯ ತರಬೇತುದಾರರಾಗಿದ್ದವರು. ಆದರೂ ಮೂರನೆಯ ವರ್ಷಕ್ಕೆ ತಂಡ ನೆಲ ಕಚ್ಚಿತು. ಅತ್ತ ವೃತ್ತಿಪರ ಲೀಗಿನಿಂದ ಬಂದ ಪೀಟ್ ಕ್ಯಾರಲ್ 2001ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಬರುವವರೆಗೆ ಯಾವ ಕಾಲೇಜಿಗೂ ಮುಖ್ಯ ತರಬೇತುದಾರರಾಗಿರಲಿಲ್ಲ. ಅವರ ತಂಡ ಮೂರನೆಯ ವರ್ಷ 12 ಗೆದ್ದು ಒಂದನ್ನಷ್ಟೇ ಸೋತಿತು.

ಇನ್ನು ಮುಖ್ಯ ಪ್ರಶ್ನೆ. ಮೊದಲ ವರ್ಷದ ಫಲಿತಾಂಶ ಯಾರ ಕೆಲಸವನ್ನು ಅಳೆಯುತ್ತದೆ? ವಾಲ್ಶ್ 1992ರಲ್ಲಿ 10 ಗೆದ್ದು 3 ಸೋತರು. ಆಡಿದವರು ಬಹುಪಾಲು ಅವರಿಗಿಂತ ಮುಂಚೆ ಇದ್ದ ಡೆನ್ನಿ ಗ್ರೀನ್ ಕರೆತಂದ ಹುಡುಗರು. 1993ರಲ್ಲಿ 4–7 (ಗೆಲುವು–ಸೋಲು), 1994ರಲ್ಲಿ 3–7, ಒಂದು ಸಮ. ಬೆಲಿಚಿಕ್ ಅವರ ಗರಡಿಯಿಂದಲೇ ಬಂದ ಚಾರ್ಲಿ ವೈಸ್ ಅವರದೂ ಇದೇ ಜಾಡು. ನೋಟರ್ ಡೇಮ್‌ನಲ್ಲಿ 2005ರಲ್ಲಿ 9–3, 2006ರಲ್ಲಿ 10–3. ತಂಡದ ದಾಳಿ ನಡೆಸುವ ಕ್ವಾರ್ಟರ್‌ಬ್ಯಾಕ್ ಬ್ರೇಡಿ ಕ್ವಿನ್ 2003ರಲ್ಲೇ, ಹಿಂದಿನ ತರಬೇತುದಾರ ವಿಲಿಂಗ್‌ಹ್ಯಾಮ್ ಕಾಲದಲ್ಲಿ, ಕಾಲೇಜು ಸೇರಿದ್ದವರು. ಕ್ವಿನ್ ಹೊರಬಿದ್ದ ಮೇಲಿನ 2007ರ ಲೆಕ್ಕ 3–9. ಎದುರು ಬದಿಯಲ್ಲಿ ನಿಕ್ ಸೇಬನ್ ಇದ್ದಾರೆ. ವೃತ್ತಿಪರ ತಂಡ ಮಯಾಮಿ ಡಾಲ್ಫಿನ್ಸ್ ಬಿಟ್ಟು ಅಲಬಾಮಾಕ್ಕೆ ಬಂದ 2007ರಲ್ಲಿ 7–6. ಲೂಯಿಸಿಯಾನಾ–ಮನ್ರೋದಂಥ ಸಣ್ಣ ತಂಡದೆದುರು ತವರಿನಲ್ಲೇ ಸೋತರು. ಮರುವರ್ಷ 12–2, ಅದರ ಮರುವರ್ಷ 14–0. ಕ್ಯಾರಲ್ ಅವರ ಮೊದಲ ವರ್ಷವೂ 6–6 ಅಷ್ಟೆ.

ಅಂದರೆ, ಮೊದಲ ವರ್ಷ ಮೆರೆದ ಇಬ್ಬರು ಮುಂದೆ ಬಿದ್ದರು, ಮುಗ್ಗರಿಸಿದ ಇಬ್ಬರು ಎದ್ದರು. ವೃತ್ತಿಪರ ಕಣದ ತಂತ್ರ ಕಾಲೇಜಿನಲ್ಲಿ ನಡೆಯದು ಎಂಬುದು ನಿಜವಾಗಿದ್ದರೆ ಅದು ಮೊದಲ ವರ್ಷವೇ ಕಾಣಬೇಕಿತ್ತು. ವಾಲ್ಶ್, ವೈಸ್ ಇಬ್ಬರಿಗೂ ತಂತ್ರ ಕೈಕೊಡಲಿಲ್ಲ. ಕೈಕೊಟ್ಟದ್ದು ಪೂರೈಕೆ. ವೃತ್ತಿಪರ ಲೀಗಿನಲ್ಲಿ ಹಿಂದಿನ ವರ್ಷ ಕೊನೆಯ ಸ್ಥಾನದಲ್ಲಿದ್ದ ತಂಡಕ್ಕೆ ಹೊಸ ಆಟಗಾರರಲ್ಲಿ ಮೊದಲ ಆಯ್ಕೆ ಸಿಗುತ್ತದೆ. ಸೋತವನನ್ನು ನಿಯಮವೇ ಎತ್ತಿ ನಿಲ್ಲಿಸುತ್ತದೆ. ಕಾಲೇಜಿನಲ್ಲಿ ಆ ಆಸರೆ ಇಲ್ಲ. ಅಲ್ಲಿ ಸೋತ ತಂಡಕ್ಕೆ ಮುಂದಿನ ವರ್ಷ ಒಳ್ಳೆಯ ಹುಡುಗರು ಬರುವುದೇ ಕಷ್ಟ.

ಇದನ್ನು ಸೊರಬ ತಾಲ್ಲೂಕಿನ ಕುಪ್ಪಗಡ್ಡೆ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಭತ್ತದ ಕೊಯ್ಲು ಮುಗಿದ ಗದ್ದೆಯಲ್ಲಿ ಕೂಳೆ ಕಿತ್ತು, ನೀರು ಹೊಡೆದು, ಮಣ್ಣು ಸಮ ಮಾಡಿ, ಸುಣ್ಣದ ಪುಡಿಯಲ್ಲಿ ಅಂಕಣ ಎಳೆದು ನಡೆಸುವ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ಮಲೆನಾಡಿಗೆ ಹೊಸದಲ್ಲ. ಅವುಗಳ ಕರಪತ್ರದಲ್ಲಿ ಬಹುಮಾನದ ಮೊತ್ತದ ಕೆಳಗೆ ದೇಹತೂಕದ ಮಿತಿ ಇರುತ್ತದೆ. ಅದರ ಜೊತೆಗೆ ಒಂದೋ ಹೊರಗಿನ ಆಟಗಾರರಿಗೆ ಅವಕಾಶವಿಲ್ಲ ಎಂದಿರುತ್ತದೆ, ಇಲ್ಲವೇ ಇಂತಿಷ್ಟು ಜನ ಅತಿಥಿ ಆಟಗಾರರಿಗೆ ಅವಕಾಶ ಎಂದಿರುತ್ತದೆ. ತಂಡ ಊರಿನದೋ ತಂದು ಜೋಡಿಸಿದ್ದೋ ಎಂಬ ಜಗಳವನ್ನು ಆ ಒಂದು ಸಾಲು ಮೊದಲೇ ತೀರ್ಮಾನಿಸುತ್ತದೆ. ಹತ್ತಿರದ ಪದವಿ ಕಾಲೇಜುಗಳ ಪಾಡೂ ಇದಕ್ಕೆ ಹೊರತಲ್ಲ. ಪಿಯುಸಿ ಮುಗಿಸಿದ ಒಳ್ಳೆಯ ರೈಡರ್‌ನನ್ನು ಮೂಡುಬಿದಿರೆ, ಉಜಿರೆಯ ಸಂಸ್ಥೆಗಳು ಊಟ, ವಸತಿ, ಓದು ಕೊಟ್ಟು ಸೆಳೆದುಕೊಂಡ ಮೇಲೆ, ತಾಲ್ಲೂಕು ಕೇಂದ್ರದ ದೈಹಿಕ ಶಿಕ್ಷಣ ನಿರ್ದೇಶಕರ ಎದುರು ಉಳಿದವರಷ್ಟೇ ನಿಂತಿರುತ್ತಾರೆ. ಆ ನಿರ್ದೇಶಕರ ಜಾಗಕ್ಕೆ ಪ್ರೊ ಕಬಡ್ಡಿಯ ತರಬೇತುದಾರರನ್ನೇ ತಂದು ನಿಲ್ಲಿಸಿದರೂ ಈ ಲೆಕ್ಕ ಬದಲಾಗದು. ಕರ್ನಾಟಕದ ಬಿ.ಸಿ. ರಮೇಶ್ 2019ರಲ್ಲಿ ಬೆಂಗಾಲ್ ವಾರಿಯರ್ಸ್, 2024ರಲ್ಲಿ ಪುಣೇರಿ ಪಲ್ಟನ್ ತಂಡಗಳನ್ನು ಪ್ರೊ ಕಬಡ್ಡಿ ಚಾಂಪಿಯನ್ ಮಾಡಿದರು. ಅವರ ಕೌಶಲದ ಬಗ್ಗೆ ಸಂದೇಹವೇ ಇಲ್ಲ. ಆದರೆ ಆ ಕೌಶಲ ಒಂದು ತಂಡದಿಂದ ಇನ್ನೊಂದಕ್ಕೆ ಹೀಗೆ ಸಲೀಸಾಗಿ ದಾಟುವುದಕ್ಕೆ ಆಟಗಾರರ ಹರಾಜು ಎಂಬ ಸೇತುವೆ ಇದೆ. ವಿದ್ಯಾರ್ಥಿಗಳನ್ನು ಯಾರೂ ಹರಾಜಿಗಿಡುವುದಿಲ್ಲ.

ಆದ್ದರಿಂದ ನನ್ನ ಪ್ರತಿಪಾದನೆ ಇಷ್ಟು: ಕಾಲೇಜು ತಂಡವನ್ನು ಮರಳಿ ಕಟ್ಟಲು ಬಂದ ತರಬೇತುದಾರನನ್ನು ಅಳೆಯಲು ಮೊದಲ ವರ್ಷಕ್ಕಿಂತ ಮೂರನೆಯ ವರ್ಷ ಹೆಚ್ಚು ನಂಬಲರ್ಹ. ಇದನ್ನು ನಿಯಮ ಎನ್ನಲು ನನಗೆ ಧೈರ್ಯವಿಲ್ಲ. ಉದಾಹರಣೆಗಳು ಬೆರಳೆಣಿಕೆಯವು, ಅವುಗಳಲ್ಲೂ ಕೆಲವು ಎದುರಾಡುತ್ತವೆ. ವೃತ್ತಿಪರ ಲೀಗಿನಿಂದ ಬಂದ ಡೇವ್ ವಾನ್‌ಸ್ಟೆಟ್ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಮೂರನೆಯ ವರ್ಷ (2007) 5–7ರಲ್ಲಿದ್ದು, ಐದನೆಯ ವರ್ಷ 10–3ಕ್ಕೆ ಏರಿದರು. ನನ್ನ ಅಳತೆಗೋಲು ಅವರನ್ನು ಅವಸರದಲ್ಲಿ ಅನುತ್ತೀರ್ಣಗೊಳಿಸುತ್ತಿತ್ತು. ಹಾಗೆಯೇ ಬಂದ ಜಿಮ್ ಹಾರ್ಬಾ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷವೇ 10–3 ಸಾಧಿಸಿ, ಮೂರನೆಯ ವರ್ಷ 8–5ಕ್ಕೆ ಇಳಿದು, 2023ರಲ್ಲಿ 15–0 ಆಗಿ ಪ್ರಶಸ್ತಿ ಗೆದ್ದರು. ಬಹುಶಃ ಮೂರು ಎಂಬ ಸಂಖ್ಯೆಗಿಂತ, ತಾನೇ ಆರಿಸಿದ ಹುಡುಗರು ತಂಡದಲ್ಲಿ ಹೆಚ್ಚಾಗುವ ಘಟ್ಟ ಎಂದರೆ ಸರಿಹೋದೀತು. ಅದು ಎಲ್ಲ ಕಡೆ ಒಂದೇ ಹೊತ್ತಿಗೆ ಬರುವುದಿಲ್ಲ.

ಹೀಗೆ ತಿದ್ದಿಕೊಂಡ ಕೂಡಲೇ ಬೆಲಿಚಿಕ್ ಪ್ರಕರಣ ನನಗೇ ತೊಡಕಾಗುತ್ತದೆ. ಹಿಂದೆ ಕಾಲೇಜು ಬದಲಿಸಿದ ಆಟಗಾರ ಸಾಮಾನ್ಯವಾಗಿ ಒಂದು ವರ್ಷ ಹೊರಗೆ ಕೂರಬೇಕಿತ್ತು. 2021ರಲ್ಲಿ ಒಮ್ಮೆ ಬದಲಿಸಲು ಆ ಕಟ್ಟು ಸಡಿಲಾಯಿತು. ಅದೇ ವರ್ಷ ಆಟಗಾರರು ತಮ್ಮ ಹೆಸರಿನಿಂದ ಹಣ ಗಳಿಸಲು ಅನುಮತಿ ಬಂತು. 2025ರ ಜುಲೈನಿಂದ ವಿಶ್ವವಿದ್ಯಾಲಯಗಳೇ ನೇರವಾಗಿ ಹಣ ಕೊಡಬಹುದಾಯಿತು. ನಾರ್ತ್ ಕ್ಯಾರೊಲಿನಾ ಆ ಒಂದೇ ಋತುವಿಗೆ 70ರಷ್ಟು ಹೊಸ ಆಟಗಾರರನ್ನು ಸೇರಿಸಿಕೊಂಡಿತು. ಹಾಗಾದರೆ ಆ 4–8 ಹಿಂದಿನವರ ಬಾಕಿ ಎನ್ನುವಂತಿಲ್ಲ, ಬಹುಪಾಲು ಬೆಲಿಚಿಕ್ ಅವರದೇ ಎನ್ನಬೇಕಾಗುತ್ತದೆ. ಅಥವಾ ಒಟ್ಟಿಗೆ ಒಂದು ಋತುವನ್ನೂ ಆಡಿರದ 70 ಜನರನ್ನು ಗದ್ದೆಯಂಕಣದ ಅತಿಥಿ ಆಟಗಾರರಂತೆ ಬೇರೆಯಾಗಿಯೇ ಎಣಿಸಿ, ಅವರಲ್ಲಿ ಎಷ್ಟು ಮಂದಿ ಮರುವರ್ಷ ಉಳಿಯುತ್ತಾರೆ ಎಂಬುದನ್ನು ಅಳತೆಯಾಗಿ ಹಿಡಿಯಬೇಕು. ಎರಡರಲ್ಲಿ ಯಾವುದು ಸರಿ ಎಂದು ತೀರ್ಮಾನಿಸಲು 2027ರ ಋತುವಿನವರೆಗಿನ ಅಂಕಿಗಳು ಬೇಕು. ಪದವಿಯೇ ಮೂರು ವರ್ಷಕ್ಕೆ ಮುಗಿಯುವ ನಮ್ಮ ಕಾಲೇಜುಗಳಿಗೆ ಈ ಅಳತೆ ಒಗ್ಗುತ್ತದೆಯೇ ಎಂಬುದನ್ನು ಪ್ರತಿ ಕಾಲೇಜಿನ ಆಟಗಾರರ ಪಟ್ಟಿ ಹಿಡಿದು ಬೇರೆಯಾಗಿಯೇ ಪರೀಕ್ಷಿಸಬೇಕಾಗಿದೆ.